ಹಿರಿಯರ ಕೋವಿ ವಾರಸುದಾರರ ಕೈಗೆ: ಗಡಿ ದಾಟಿಸುವ ಮುನ್ನ

ಕಾಡಂಚಿನ ಊರುಗಳಲ್ಲಿ ಬೆಳೆ ಕಾಯಲೆಂದು ಲೈಸೆನ್ಸು ಪಡೆದ ಕೋವಿ ಇರುವ ಮನೆಗಳು ಹಲವು. ಮನೆಯ ಯಜಮಾನರು ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗಾಗಿ ನಾಡಕಚೇರಿಗೆ ಅಲೆಯುವ ನಾವು ಅಟ್ಟದ ಮೇಲಿನ ಕೋವಿಯನ್ನು ಮರೆತೇ ಬಿಡುತ್ತೇವೆ. ಇಲ್ಲವೆ ಪಾತ್ರೆ ಪಡಗಗಳೊಡನೆ ಅದನ್ನೂ ಹಿಸ್ಸೆಗೆ ಹಾಕಿ, ಪಕ್ಕದ ರಾಜ್ಯದಲ್ಲಿ ನೆಲೆಸಿರುವ ತಮ್ಮನ ಕೈಗೆ ಕೊಟ್ಟು ಕಳಿಸುತ್ತೇವೆ. ಎರಡೂ ತಪ್ಪೇ, ಎರಡನೆಯದಂತೂ ಜೈಲಿನ ದಾರಿ.

ರೈತ ಬಾಂಧವರು ಮೊದಲು ತಿಳಿಯಬೇಕಾದುದು ಇಷ್ಟು: ಕೋವಿ ಆಸ್ತಿ, ಲೈಸೆನ್ಸು ಆಸ್ತಿಯಲ್ಲ. ಕೋವಿಯ ಬೆಲೆಯಲ್ಲಿ ಮಕ್ಕಳಿಗೆಲ್ಲ ಪಾಲುಂಟು. ಲೈಸೆನ್ಸಾದರೋ ಅದನ್ನು ಪಡೆದವರೊಡನೆಯೇ ಮುಗಿಯುತ್ತದೆ. ಉಯಿಲಿನಲ್ಲಿ ಬರೆದಿದ್ದರೂ, ವಿಭಾಗ ಪತ್ರ ರಿಜಿಸ್ಟರಾಗಿದ್ದರೂ, ಕೋವಿ ಇಟ್ಟುಕೊಳ್ಳುವವರ ಹೆಸರಿಗೆ ಬೇರೆಯೇ ಲೈಸೆನ್ಸು ಬೇಕು. 1959ರ ಆಯುಧ ಕಾಯಿದೆ ಮತ್ತು 2016ರ ಆಯುಧ ನಿಯಮಗಳು ಇಡೀ ದೇಶಕ್ಕೆ ಒಂದೇ ಆಗಿರುವುದರಿಂದ ಗಡಿಯ ಈಚೆಗೂ ಆಚೆಗೂ ಈ ಮಾತು ಅನ್ವಯಿಸುತ್ತದೆ.

ಉದಾಹರಣೆಗೆ, ಸುಳ್ಯ ತಾಲ್ಲೂಕಿನಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದ ತಂದೆಯವರು ತೀರಿಕೊಂಡರು ಎನ್ನೋಣ. ಮನೆಯಲ್ಲಿರುವ ಅಣ್ಣನಿಗೆ ಕೋವಿಯ ಗೊಡವೆ ಬೇಡ. ತಮ್ಮನ ತೋಟ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಅವನಿಗೆ ಬೇಕು. ತಂದೆಯವರು ಇದ್ದಾಗ ಅವರ ಚೀಟಿ ಹಿಡಿದು ಕೋವಿಯನ್ನು ರಿಪೇರಿಗೋ ಲೈಸೆನ್ಸಿನ ನವೀಕರಣಕ್ಕೋ ಮಗ ಒಯ್ಯಬಹುದಾಗಿತ್ತು, ಕಾಯಿದೆಯ 3ನೆಯ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ‘ಮನೆಯವರು ಮುಟ್ಟಿದರೆ ತೊಂದರೆಯಿಲ್ಲ’ ಎಂಬ ನಂಬಿಕೆ ಬಹುಶಃ ಇದರಿಂದಲೇ ಹುಟ್ಟಿರಬೇಕು. ಆದರೆ ಆ ಅನುಮತಿ ಲೈಸೆನ್ಸುದಾರರು ಬದುಕಿರುವವರೆಗೆ ಮಾತ್ರ. ಅನಂತರ ತಮ್ಮ ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದರೆ ಲೈಸೆನ್ಸಿಲ್ಲದ ಕೋವಿ ಸಾಗಿಸಿದಂತೆಯೇ. 2019ರ ತಿದ್ದುಪಡಿಯ ಬಳಿಕ ಇದಕ್ಕೆ ಕಡಿಮೆಯೆಂದರೆ 2 ವರ್ಷ, ಹೆಚ್ಚೆಂದರೆ 5 ವರ್ಷ ಸೆರೆವಾಸ, ಜೊತೆಗೆ ದಂಡ.

ಮೊದಲ ಕೆಲಸ ಠೇವಣಿ

ಸಾವು ಸಂಭವಿಸಿದ ಮೇಲೆ ವಿನಾಕಾರಣ ತಡಮಾಡದೆ ಕೋವಿಯನ್ನೂ ಉಳಿದ ತೋಟಾಗಳನ್ನೂ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸು ಪಡೆದ ಆಯುಧ ವ್ಯಾಪಾರಿಯಲ್ಲಿ ಠೇವಣಿ ಇಡಬೇಕೆಂದು 21ನೆಯ ಕಲಮು ಹೇಳುತ್ತದೆ. ಉತ್ತರಕ್ರಿಯೆ ಮುಗಿಯಲಿ, ಆಮೇಲೆ ನೋಡೋಣ ಎಂದು ಕಾಯುವುದು ಬೇಡ. ಠಾಣೆಗೆ ಮೊದಲು ಒಂದು ಅರ್ಜಿ ಕೊಟ್ಟು, ಅದರ ನಕಲಿಗೆ ಮೊಹರು ಹಾಕಿಸಿಕೊಳ್ಳಿ. ಕೋವಿಯನ್ನು ಹೇಗೆ ತರಬೇಕೆಂದು ಠಾಣಾಧಿಕಾರಿಯವರನ್ನೇ ಕೇಳಿ. ಕೇಪಿನ ಕೋವಿಯಾದರೆ ಮದ್ದು ತುಂಬಿದ್ದೀತು. ಪಳಗದ ಕೈಗಳು ಅದನ್ನು ಬಿಚ್ಚಲು ಹೋಗದೆ, ತುಂಬಿರುವ ಸಂಶಯವನ್ನು ಅರ್ಜಿಯಲ್ಲಿಯೇ ತಿಳಿಸುವುದು ಕ್ಷೇಮ.

ರಸೀದಿಯಲ್ಲಿ ಕೋವಿಯ ನಂಬರು, ನಳಿಗೆ ಒಂಟಿಯೋ ಜೋಡಿಯೋ, ತೋಟಾಗಳ ಎಣಿಕೆ ಎಲ್ಲವೂ ಇರಬೇಕು. ಮಲೆನಾಡಿನ ತೇವಕ್ಕೆ ಒಂದೇ ಮಳೆಗಾಲದಲ್ಲಿ ನಳಿಗೆ ತುಕ್ಕು ತಿನ್ನುವುದರಿಂದ, ಠೇವಣಿಯ ಸಮಯದಲ್ಲಿ ಎಣ್ಣೆ ಬಳಿಸಲು ಕೇಳಿಕೊಳ್ಳಿ. ಚುನಾವಣೆಗೆಂದು ತಂದೆಯವರೇ ಕೋವಿ ಒಪ್ಪಿಸಿದ್ದಾಗ ಸಾವು ಸಂಭವಿಸಿದ್ದರೆ ಅವರ ಹಳೆಯ ರಸೀದಿಯನ್ನು ಹುಡುಕಿ ತೆಗೆದಿಡಿ. ಠೇವಣಿ ಇಟ್ಟು ಸುಮ್ಮನಾಗುವುದೂ ಸಲ್ಲದು. ನಿಗದಿಯಾದ ಅವಧಿ ಕಳೆದರೆ ಜಿಲ್ಲಾ ದಂಡಾಧಿಕಾರಿಗಳು ನೋಟೀಸು ಕೊಟ್ಟು ಕೋವಿಯನ್ನು ಸರ್ಕಾರಕ್ಕೆ ಸೇರಿಸಿಕೊಳ್ಳಬಹುದು.

ಅರ್ಜಿ ಎಲ್ಲಿ?

ಇಲ್ಲಿಯೇ ಹೆಚ್ಚು ಜನ ಎಡವುವುದು. ಕೋವಿ ಸುಳ್ಯದ ಠಾಣೆಯಲ್ಲಿದ್ದರೂ ತಮ್ಮ ಅರ್ಜಿ ಹಾಕಬೇಕಾದುದು ತಾನು ವಾಸಿಸುವ ಕಾಸರಗೋಡು ಜಿಲ್ಲೆಯ ಅಧಿಕಾರಿಗಳಿಗೆ. ಪೊಲೀಸ್ ಕಮಿಷನರ್ ಇರುವ ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿ ವಾಸವಿದ್ದರೆ ಆ ಕಚೇರಿಗೆ. ಅರ್ಜಿ ಎ-1 ನಮೂನೆಯಲ್ಲಿ ಇರತಕ್ಕದ್ದು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ತಂದೆಯವರ ಮೂಲ ಲೈಸೆನ್ಸು, ಠೇವಣಿಯ ರಸೀದಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಇವನ್ನು ಜೊತೆಗಿಡಿ. ಒಪ್ಪಿಗೆ ಎಂದಾಗ ಅಣ್ಣನದು ಒಂದೇ ಸಾಲದು. ತಾಯಿಯವರ ಸಹಿಯೂ ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕು. ‘ಅವರಿಗೇಕೆ ಕೋವಿಯ ಸುದ್ದಿ’ ಎಂದು ಬಿಟ್ಟರೆ ಕಡತ ಅಲ್ಲಿಗೇ ನಿಲ್ಲುತ್ತದೆ.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿ ಅನುಕೂಲವಾಗಿರಬೇಕು. ಆಯುಧ ಬಳಕೆಯ ಸುರಕ್ಷತಾ ತರಬೇತಿಯ ಪ್ರಮಾಣ ಪತ್ರವನ್ನೂ 2016ರ ನಿಯಮಗಳು ಕೇಳುತ್ತವೆ. ಒಂದು ಸಮಾಧಾನವೆಂದರೆ, ಕೋವಿ ಏಕೆ ಬೇಕೆಂದು ಹೊಸ ಅರ್ಜಿದಾರರು ಸಾಬೀತು ಮಾಡಬೇಕಾದಷ್ಟು ಹೊರೆ ವಾರಸುದಾರರಿಗೆ ಇಲ್ಲ. ಆದರೆ 2019ರ ತಿದ್ದುಪಡಿಯಂತೆ ಒಬ್ಬರಲ್ಲಿ 2ಕ್ಕಿಂತ ಹೆಚ್ಚು ಕೋವಿ ಇರಕೂಡದು. ಪಿತ್ರಾರ್ಜಿತವೆಂದು ರಿಯಾಯಿತಿ ಇಲ್ಲ. ತಮ್ಮನಲ್ಲಿ ಈಗಾಗಲೇ 2 ಇದ್ದರೆ ತಂದೆಯ ಕೋವಿಗೆ ಬೇರೆ ದಾರಿ ನೋಡಬೇಕಾಗುತ್ತದೆ.

ಗಡಿ ದಾಟುವಾಗ

ಹೊಸ ಲೈಸೆನ್ಸು ಬಂತೆಂದು ಕೂಡಲೇ ಹೊರಡಬೇಡಿ. ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂಬುದನ್ನು ಪುಸ್ತಕದಲ್ಲಿಯೇ ಬರೆದಿರುತ್ತಾರೆ. ಕೇರಳಕ್ಕೆ ಮಾತ್ರ ಸಲ್ಲುವ ಲೈಸೆನ್ಸನ್ನು ಹಿಡಿದು ಸುಳ್ಯದಲ್ಲಿ ಕೋವಿ ಎತ್ತಿಕೊಂಡರೆ, ಗಡಿ ತಲುಪುವವರೆಗಿನ ದಾರಿ ಅದರ ಹೊರಗಿನದು. ಆದುದರಿಂದ ಲೈಸೆನ್ಸು ಕೊಟ್ಟ ಅಧಿಕಾರಿಗಳಿಂದ ಇಂಥಲ್ಲಿಂದ ಇಂಥಲ್ಲಿಗೆ ತರಲು ಎಂದು ಲಿಖಿತ ಅನುಮತಿ ಪಡೆಯಿರಿ. ಕೋವಿಯ ನಂಬರು ಲೈಸೆನ್ಸಿನಲ್ಲಿ ದಾಖಲಾಗಿರುವುದನ್ನು ನೋಡಿಕೊಂಡು, ಖಾಲಿ ಕೋವಿಯನ್ನು ಕಾಗದಪತ್ರಗಳೊಡನೆ ನೇರವಾಗಿ ಮನೆಗೆ ತನ್ನಿ.

ಹಿರಿಯರು ಇರುವಾಗಲೇ

ಇಷ್ಟೆಲ್ಲ ಓಡಾಟ ತಪ್ಪಿಸುವ ದಾರಿಯೂ ನಿಯಮಗಳಲ್ಲಿಯೇ ಇದೆ, ಇದನ್ನು ಬಳಸುವವರು ಕಡಿಮೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ಅವರು ಸೂಚಿಸಿದ ವಾರಸುದಾರರಿಗೆ ಲೈಸೆನ್ಸು ಕೊಡಬಹುದು. ತಂದೆಯವರೇ ಕಚೇರಿಯಲ್ಲಿ ನಿಂತು ‘ಇವನಿಗೆ ಕೊಡಿ’ ಎಂದರೆ ವಂಶವೃಕ್ಷದ ತಕರಾರೂ ಒಪ್ಪಿಗೆಯ ತಕರಾರೂ ಬಹುಮಟ್ಟಿಗೆ ತಪ್ಪುತ್ತವೆ. ಮಗನಿಗೆ ಲೈಸೆನ್ಸು ಸಿಗುವವರೆಗೆ ಕೋವಿ ತಂದೆಯವರ ಬಳಿಯೇ ಇರುತ್ತದೆ.

ಆ ವಯಸ್ಸಾಗಲಿ ಅವಧಿಯಾಗಲಿ ಆಗಿಲ್ಲದಿದ್ದರೆ 5ನೆಯ ಕಲಮಿನ ದಾರಿಯುಂಟು. ಕೋವಿ ಇಟ್ಟುಕೊಳ್ಳಲು ಅರ್ಹರಾದ ಬಂಧುವಿಗೆ ಅದನ್ನು ವರ್ಗಾಯಿಸಬಹುದು. ಪಡೆಯುವವರ ಹೆಸರು, ವಿಳಾಸವನ್ನು ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ, ಕನಿಷ್ಠ 45 ದಿನ ಕಳೆದ ಮೇಲಷ್ಟೇ ಕೋವಿ ಕೈಬದಲಾಗಬೇಕು.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಈ ವಿನಾಯಿತಿ ಕೋವಿಗಲ್ಲ, ವ್ಯಕ್ತಿಗೆ. ಅದಕ್ಕೆ ಒಳಪಡದ ಬಂಧುವಿಗೆ ಕೋವಿ ಕೊಡುವುದಾದರೆ ಮೇಲಿನ ಕ್ರಮವನ್ನೇ ಅನುಸರಿಸಬೇಕು.

ಕೋವಿ ಯಾರಿಗೂ ಬೇಡವಾದರೆ ಅಧಿಕಾರಿಗಳ ಅನುಮತಿ ಪಡೆದು ಲೈಸೆನ್ಸುದಾರ ವ್ಯಾಪಾರಿಗೆ ಮಾರಿ, ಬಂದ ಹಣವನ್ನು ಹಂಚಿಕೊಳ್ಳಿ. ಪಡೆದುಕೊಂಡವರು ಇನ್ನೊಂದನ್ನು ತಿಳಿದಿರಬೇಕು: ಕೋವಿಯ ಲೈಸೆನ್ಸು ಹಂದಿ ಹೊಡೆಯುವ ಲೈಸೆನ್ಸಲ್ಲ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಳಪಟ್ಟ ಪ್ರಾಣಿ. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲು ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಗಳ ಅಪ್ಪಣೆ ಬೇರೆಯೇ ಬೇಕು. ತಂದೆಯವರಿಗೆ ಕರ್ನಾಟಕದಲ್ಲಿ ಸಿಕ್ಕಿದ್ದ ಅಂಥ ಅಪ್ಪಣೆ ಕೇರಳದ ತೋಟದಲ್ಲಿ ನಡೆಯುವುದಿಲ್ಲ.