ನಳದ ನೀರು: ಉಪಕಾರವೋ, ಹಕ್ಕೋ? – ಎಂಟನೇ ತರಗತಿಯ ಒಂದು ಪಾಠಾಭ್ಯಾಸ

ಪಾಠಾಭ್ಯಾಸದ ಎರಡನೇ ವಾರ, ಮೊದಲ ಅವಧಿ. ಒಬ್ಬ ವಿದ್ಯಾರ್ಥಿನಿ ಮೂರನೇ ಸಲ ತಡವಾಗಿ ಬಂದಳು. ಬಾಗಿಲಲ್ಲೇ ನಿಲ್ಲಿಸಿ ಕಾರಣ ಕೇಳಿದೆ. "ನಳಾ ಈಗ ಬಂತ್ರಿ ಸರ್, ನೀರ ತುಂಬಿಟ್ಟ ಬಂದೀನ್ರಿ" ಎಂದಳು. ಸಮಯಪಾಲನೆಯ ಬಗ್ಗೆ ನಾಲ್ಕು ಮಾತು ಹೇಳಿ ಒಳಗೆ ಬಿಟ್ಟೆ. ಅವಧಿ ಮುಗಿದ ಮೇಲೆ, ಪಾಠ ವೀಕ್ಷಿಸಲು ಬಂದಿದ್ದ ನಮ್ಮ ಉಪನ್ಯಾಸಕರು, "ಆಕೆಯ ಉತ್ತರದಲ್ಲೇ ಒಂದು ಪಾಠ ಇತ್ತಲ್ಲ?" ಎಂದರು. ಮರುದಿನದ ಪಾಠಯೋಜನೆ ಹುಟ್ಟಿದ್ದು ಹೀಗೆ.

ಉದ್ದೇಶಗಳು

1. ಒಂದು ಕುಟುಂಬಕ್ಕೆ ದಿನಕ್ಕೆ ಬೇಕಾದ ನೀರನ್ನು ಲೆಕ್ಕ ಹಾಕುವುದು.
2. ಕೆಲವು ಸೇವೆಗಳನ್ನು ಸಮಾಜವು ಎಲ್ಲರ ಹಕ್ಕೆಂದು ಏಕೆ ಒಪ್ಪುತ್ತದೆ ಎಂಬುದಕ್ಕೆ ಕಾರಣ ಕೊಡುವುದು.

ಚಟುವಟಿಕೆ

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ (ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ') ಗ್ರಾಮೀಣ ಭಾಗದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರಿನ ಗುರಿ ಇಟ್ಟುಕೊಂಡಿದೆ. ಐದು ಜನರ ಮನೆಗೆ 275 ಲೀಟರ್. ಶಾಲೆಯ ಕೊಡವನ್ನು ಒಂದು ಲೀಟರಿನ ಬಾಟಲಿಯಿಂದ ಮಕ್ಕಳೇ ಅಳೆದರು. 15 ಲೀಟರ್ ಹಿಡಿಯಿತು. ಅಂದರೆ 19 ಕೊಡ. ಒಂದು ಕೊಡಕ್ಕೆ 5 ನಿಮಿಷವೆಂದರೂ ಒಂದೂವರೆ ತಾಸಿಗಿಂತ ಹೆಚ್ಚು. "ಮನೆಯಲ್ಲಿ ನೀರು ತರುವವರು ಯಾರು?" ಎಂದು ಕೇಳಿದಾಗ ಎದ್ದ ಕೈಗಳಲ್ಲಿ ಹೆಚ್ಚಿನವು ಹುಡುಗಿಯರವು.

ಚರ್ಚೆ

"ಸೈಕಲ್ಲೂ ಬೇಕು, ನೀರೂ ಬೇಕು. ನೀರನ್ನೇ ಏಕೆ ಹಕ್ಕು ಎನ್ನಬೇಕು?" ಎಂದು ಕೇಳಿದೆ. ಮಕ್ಕಳ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಮೂರು ಕಾರಣಗಳಾಗಿ ಜೋಡಿಸಿದೆವು. ಒಂದು, ನೀರಿನ ಅಗತ್ಯವನ್ನು ಮುಂದೂಡಲಾಗದು. ಎರಡು, ಬಾಯಾರಿದವನು ಬೆಲೆ ಚೌಕಾಸಿ ಮಾಡಲಾರ. ಕೇಳಿದಷ್ಟು ಕೊಡಬೇಕು, ಇಲ್ಲವೇ ಕೊಳಕು ನೀರು ಕುಡಿಯಬೇಕು. ಮೂರು, ಒಂದು ಮನೆಯ ಕೊಳಕು ನೀರಿನಿಂದ ಬಂದ ವಾಂತಿಭೇದಿ ಇಡೀ ಓಣಿಗೆ ಹಬ್ಬಬಹುದು.

"ನೀರಿನ ಕರ ಕಟ್ತೀವಲ್ರಿ ಸರ್, ಹಂಗಾದ್ರ ಹಕ್ಕು ಹೆಂಗ?" ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಹಕ್ಕು ಎಂದರೆ ಪುಕ್ಕಟೆ ಎಂದೇ ಅರ್ಥವಲ್ಲ. ಪಂಪು, ಪೈಪುಗಳಿಗೆ ಖರ್ಚಿದೆ, ಕರ ನ್ಯಾಯವೇ. ಆದರೆ ರೊಕ್ಕವಿಲ್ಲ ಎಂಬ ಕಾರಣಕ್ಕೆ, ಜಾತಿಯ ಕಾರಣಕ್ಕೆ ಯಾರೂ ನೀರಿನಿಂದ ಹೊರಗುಳಿಯಬಾರದು. ಸಿಗದಿದ್ದಾಗ ಉತ್ತರ ಹೇಳುವ ಹೊಣೆ ಒಬ್ಬರ ಮೇಲಿರಬೇಕು.

ಇತಿಹಾಸದ ಕೊಂಡಿ

ಆಗ ನಮ್ಮ ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಸಾರ್ವಜನಿಕ ಬಾವಿ, ಕೆರೆ, ಶಾಲೆ, ದವಾಖಾನೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕೆಂಬ ಎಸ್. ಕೆ. ಬೋಲೆಯವರ ಗೊತ್ತುವಳಿಯನ್ನು ಮುಂಬೈ ಶಾಸನ ಪರಿಷತ್ತು 1923ರಲ್ಲಿ ಅಂಗೀಕರಿಸಿತು. ಅದು ಕಾಗದದಲ್ಲೇ ಉಳಿದಾಗ, 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಮಹಾಡದ ಚವದಾರ ಕೆರೆಯ ನೀರು ಕುಡಿದರು. ಮುಂಬೈ ಹೈಕೋರ್ಟಿನ ತೀರ್ಪು ಅವರ ಪರ ಬಂದದ್ದು 1937ರಲ್ಲಿ. ಮುಂದೆ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆಗಳ ಹೆಸರೇ ಸೇರಿತು. ಶುದ್ಧ ನೀರು 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆಯೆಂದು 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2010ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ನೀರನ್ನು ಮಾನವ ಹಕ್ಕೆಂದು ಒಪ್ಪಿತು.

ಇಂಡಿ, ಸಿಂದಗಿಯ ಕಡೆ ಭೀಮೆ ಇದ್ದಾಳೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಕೃಷ್ಣೆ, ಆಲಮಟ್ಟಿ ಜಲಾಶಯ. ಆದರೆ ನದಿ ಹತ್ತಿರವಿದ್ದ ಮಾತ್ರಕ್ಕೆ ನೀರು ಮನೆಗೆ ಬರುವುದಿಲ್ಲ. ನದಿಗೂ ನಳಕ್ಕೂ ನಡುವೆ ಇರುವುದು ಪೈಪು, ಹಣ ಮತ್ತು ಯಾರದೋ ಹೊಣೆ. ನಕಾಶೆ ತೋರಿಸಿದಾಗ ಮಕ್ಕಳಿಗೆ ಇದು ಬೇಗ ತಿಳಿಯಿತು.

ಮೌಲ್ಯಮಾಪನ

ನೀರಿನ ಬಗ್ಗೆ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆಯಲು ಹೇಳಿದೆ. ಹೆಚ್ಚಿನವರು "ದಯಮಾಡಿ ನೀರು ಕೊಟ್ಟು ಉಪಕಾರ ಮಾಡಬೇಕು" ಎಂದು ಬರೆದಿದ್ದರು. ತಡವಾಗಿ ಬರುತ್ತಿದ್ದ ಆ ಹುಡುಗಿ ಮಾತ್ರ ಲೆಕ್ಕ ಕೊಟ್ಟಿದ್ದಳು: ಮನೆಯಲ್ಲಿ ಐದು ಜನ, 275 ಲೀಟರ್, 19 ಕೊಡ, ಶಾಲೆಯ ವೇಳೆಗೆ ಮೊದಲೇ ನಳ ಬಿಡಬೇಕು.

ಹಿನ್ನೋಟ

ಇತಿಹಾಸದ ಭಾಗ ಉಪನ್ಯಾಸವಾಯಿತು. ಅವಧಿ ಮುಗಿದು ಎಂಟು ನಿಮಿಷ ಹೆಚ್ಚಾಯಿತು. ಮುಂದಿನ ಸಲ ಎರಡು ಅವಧಿಗಳಾಗಿ ಹಂಚುವೆ. ಆರರಿಂದ ಹದಿನಾಲ್ಕು ವರ್ಷದವರಿಗೆ 21ಎ ವಿಧಿ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿದೆ. ಒಂದು ಹಕ್ಕು ಸರಿಯಾಗಿ ಸಿಗದಿದ್ದರೆ ಇನ್ನೊಂದು ಕೈತಪ್ಪುತ್ತದೆ ಎಂಬುದನ್ನು ನಾನು ಕಲಿಸುವ ಮೊದಲೇ ಆಕೆ ಬಾಗಿಲಲ್ಲಿ ನಿಂತು ಹೇಳಿದ್ದಳು. ಪಾಠಾಭ್ಯಾಸಕ್ಕೆ ಹೋಗುವ ಗೆಳೆಯರೇ, ತಡವಾಗಿ ಬಂದ ಮಗುವಿಗೆ ಬುದ್ಧಿ ಹೇಳುವ ಮೊದಲು ಮನೆಯ ನೀರು ಯಾವಾಗ ಬರುತ್ತದೆಂದು ಕೇಳಿ.