ಶ್ರವಣವೆಂಬ ಮೂಲಧನ

ಕಣ್ಣಿಗೆ ಕೊಡುವ ಮಹತ್ವವನ್ನು ನಾವು ಕಿವಿಗೆ ಕೊಡುವುದಿಲ್ಲ. ಲೋಕಲ್ ರೈಲು, ವಾಹನಗಳ ಹಾರ್ನು, ಧ್ವನಿವರ್ಧಕಗಳ ನಡುವೆ ದಿನ ಕಳೆಯುವ ಮುಂಬಯಿವಾಸಿಗಳಾದ ನಾವಂತೂ ಕಿವಿಯ ಕಾರ್ಯವಿಧಾನವನ್ನು ಅರಿತಿರುವುದು ಅವಶ್ಯಕ.

ಶಬ್ದವೆಂದರೆ ಗಾಳಿಯಲ್ಲಿ ಹರಡುವ ಕಂಪನ. ಸ್ಥಾಯಿ ಮತ್ತು ತೀವ್ರತೆ ಅದರ ಎರಡು ಮುಖ್ಯ ಗುಣಗಳು. ಕಂಪನಗಳ ಸಂಖ್ಯೆ ಹೆಚ್ಚಿದಷ್ಟೂ ಸ್ಥಾಯಿ ಏರುತ್ತದೆ. ತಾರ ಷಡ್ಜದ ಕಂಪನಗಳು ಮಧ್ಯ ಷಡ್ಜದ ಎರಡರಷ್ಟು. ಆರೋಗ್ಯವಂತ ತರುಣರ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳನ್ನು ಗ್ರಹಿಸಬಲ್ಲದು. ತೀವ್ರತೆಯ ಅಳತೆ ಡೆಸಿಬಲ್. ಇದು ಸಾಮಾನ್ಯ ಕೂಡಿಕೆಯ ಲೆಕ್ಕವಲ್ಲ. ಪ್ರತಿ 10 ಡೆಸಿಬಲ್ ಏರಿಕೆಗೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ; ಕಿವಿಗಾದರೋ ಸುಮಾರು ಇಮ್ಮಡಿಯಾದಂತೆ ಮಾತ್ರ ತೋರುತ್ತದೆ. ಅಪಾಯವು ನಮ್ಮ ಅನುಭವಕ್ಕಿಂತ ವೇಗವಾಗಿ ಬೆಳೆಯುವುದು ಹೀಗೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ನಾಳವೊಂದಿದೆ. ಅದರ ಬುಡದಲ್ಲಿ ತಾರಸ್ಥಾಯಿಯೂ ತುದಿಯಲ್ಲಿ ಮಂದ್ರವೂ ಗ್ರಹಿಸಲ್ಪಡುತ್ತವೆ. ಈ ನಾಳದೊಳಗಿನ ಅಲೆಗಳ ಚಲನೆಯನ್ನು ಕಂಡುಹಿಡಿದುದಕ್ಕಾಗಿ ಬೆಕೆಶಿ ಅವರಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕಂಪನವನ್ನು ನರಸಂಕೇತವಾಗಿ ಮಾರ್ಪಡಿಸುವ ಸೂಕ್ಷ್ಮ ರೋಮಕೋಶಗಳು ಇಲ್ಲಿವೆ. ಮನುಷ್ಯರಲ್ಲಿ ಇವು ಒಮ್ಮೆ ನಾಶವಾದರೆ ಮರಳಿ ಹುಟ್ಟುವುದಿಲ್ಲ.

ವಯಸ್ಸು ಮತ್ತು ಗದ್ದಲಗಳಿಂದ ಸಾಮಾನ್ಯವಾಗಿ ಮೊದಲು ಸವೆಯುವುದು ತಾರಸ್ಥಾಯಿಯ ಭಾಗ. ಸ್ವರಾಕ್ಷರಗಳ ಧ್ವನಿ ಬಲವಾದುದು. ಸ, ಶ, ಚ ಮುಂತಾದ ವ್ಯಂಜನಗಳದು ತಾರಸ್ಥಾಯಿಯ ಕ್ಷೀಣ ಧ್ವನಿ. ಆದುದರಿಂದಲೇ ಹಿರಿಯರು "ಧ್ವನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ" ಎನ್ನುತ್ತಾರೆ. "ಬೇಕಾದುದು ಮಾತ್ರ ಇವರಿಗೆ ಕೇಳಿಸುತ್ತದೆ" ಎಂದು ಮನೆಯವರು ಹಾಸ್ಯಮಾಡುವುದುಂಟು. ಕ್ರಮೇಣ ಆ ಹಿರಿಯರು ಸಂಭಾಷಣೆಯಿಂದಲೇ ದೂರವಾಗುತ್ತಾರೆ. ಕೂಗಿ ಹೇಳುವುದಕ್ಕಿಂತ ಎದುರಿಗೆ ಕುಳಿತು, ನಿಧಾನವಾಗಿ, ಸ್ಪಷ್ಟವಾಗಿ ನುಡಿಯುವುದೇ ಹೆಚ್ಚು ಫಲಕಾರಿ.

ಎಲ್ಲ ಕಿವುಡೂ ಒಂದೇ ಬಗೆಯದಲ್ಲ. ಗುಗ್ಗೆ ಕಟ್ಟಿದಾಗ, ಕಿವಿ ಸೋರುವಾಗ, ತಮಟೆಗೆ ರಂಧ್ರವಾದಾಗ ಶಬ್ದ ಒಳಕ್ಕೆ ಸರಿಯಾಗಿ ಸಾಗದು. ಇವು ಬಹುಮಟ್ಟಿಗೆ ಚಿಕಿತ್ಸೆಗೆ ಒಳಪಡುತ್ತವೆ. ರೋಮಕೋಶ ಅಥವಾ ಶ್ರವಣನರದ ದೋಷಕ್ಕೆ ಸಾಮಾನ್ಯವಾಗಿ ಶ್ರವಣಯಂತ್ರವೇ ಆಧಾರ. ಹಠಾತ್ತನೆ ಕಿವಿ ಕೇಳದಾದರೆ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ಕೇವಲ 4 ಗಂಟೆ. ರೈಲಿನ ಸದ್ದನ್ನು ಮೀರಿಸಲು ಇಯರ್‌ಫೋನಿನ ಧ್ವನಿ ಏರಿಸುವ ತರುಣರು ಇದನ್ನು ಗಮನಿಸಬೇಕು. ಕಿವಿಗೆ ಕಡ್ಡಿ, ಪಿನ್ನು ಹಾಕುವುದು, ಕಾಯಿಸಿದ ಎಣ್ಣೆ ಬಿಡುವುದು ಸಲ್ಲದು.

ಬಾಂದ್ರಾ ರೆಕ್ಲಮೇಶನ್‌ನಲ್ಲಿ 1983ರಲ್ಲಿ ಸ್ಥಾಪನೆಗೊಂಡ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯ ಸೌಲಭ್ಯವಿದೆ. ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಉಂಟು. ಕನ್ನಡಕಕ್ಕೆ ನಾಚದ ನಾವು ಶ್ರವಣಯಂತ್ರಕ್ಕೇಕೆ ನಾಚಬೇಕು? ಕರಗಿದ ಮೂಲಧನವನ್ನು ಮರಳಿ ತುಂಬಲಾಗದು. ಉಳಿದುದನ್ನು ಜೋಪಾನ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ.