ಕೋಡ್ ಕೊಟ್ಟವರೂ ಸಿಕ್ಕಿಬಿದ್ದರು: ಎಂ.ಎಸ್.ಗೆ ಹೊರಡುವ ಮುಂಚೆ ಒಂದು ಪಾಠ

ಆರನೇ ಸೆಮಿಸ್ಟರ್ ಬಂತು ಅಂದ್ರೆ ನಮ್ಮ ಕ್ಯಾಂಟೀನಿನ ಮಾತೇ ಬದಲಾಗುತ್ತೆ. ಜಿಆರ್‌ಇ ಎಷ್ಟು ಬಂತು, ಎಸ್‌ಒಪಿ ಯಾರ ಹತ್ರ ತಿದ್ದಿಸೋದು, ಲೋನ್ ಯಾವ ಬ್ಯಾಂಕಲ್ಲಿ ಬೇಗ ಆಗುತ್ತೆ, ಇದೇ ಚರ್ಚೆ. ಅಡ್ಮಿಷನ್ ಸಿಗೋವರೆಗಿನ ದಾರಿ ನಮಗೆಲ್ಲ ಬಾಯಿಪಾಠ. ಸಿಕ್ಕಮೇಲೆ ಅಲ್ಲಿನ ಕ್ಲಾಸಲ್ಲಿ ಏನಾಗುತ್ತೆ ಅಂತ ಮಾತ್ರ ಹೆಚ್ಚಿನವರು ಕೇಳಲ್ಲ.

ಹೋಗುವವರೇನೂ ಕಡಿಮೆ ಇಲ್ಲ. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಆ ವರ್ಷ ಚೀನಾವನ್ನು ಹಿಂದಿಕ್ಕಿ ಭಾರತ ಮೊದಲ ಸ್ಥಾನಕ್ಕೆ ಬಂತು. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ಹಾಗೆ ಇಲ್ಲಿ ಡಿಗ್ರಿ ಮುಗಿಸಿ ಸ್ನಾತಕೋತ್ತರ ಓದಿಗೆ ಹೋದವರು. ಈ ಸಲದ ರಜೆಯಲ್ಲಿ ನಾವು, ಸಂಘದ ಕೆಲವರು, ಅಲ್ಲಿ ಓದುತ್ತಿರುವ ಸೀನಿಯರ್‌ಗಳ ಜೊತೆ ವಿಡಿಯೋ ಕಾಲ್‌ನಲ್ಲಿ ಕೂತು ಮಾತಾಡಿದೆವು. ಚಳಿ, ಅಡುಗೆ, ರೂಮ್ ಬಾಡಿಗೆ ಎಲ್ಲ ಬಂತು. ಆದರೆ ಒಂದು ವಿಷಯವನ್ನು ಹೇಳುವಾಗ ಒಬ್ಬರ ದನಿ ತಗ್ಗಿತು. ಅವರ ಒಪ್ಪಿಗೆ ಪಡೆದು, ಹೆಸರು, ವಿಶ್ವವಿದ್ಯಾಲಯ ಎರಡನ್ನೂ ಬಿಟ್ಟು ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಒಂದು ರಾತ್ರಿ ನಡೆದದ್ದು

ಅವರದು ಮೊದಲ ಸೆಮಿಸ್ಟರ್. ನಾಲ್ಕು ಜನ ಒಂದೇ ಅಪಾರ್ಟ್‌ಮೆಂಟಿನಲ್ಲಿ. ರಾತ್ರಿ 12 ಗಂಟೆಗೆ ಒಂದು ಪ್ರೋಗ್ರಾಮಿಂಗ್ ಅಸೈನ್‌ಮೆಂಟ್ ಸಲ್ಲಿಸಬೇಕಿತ್ತು. ಇವರದು ಮುಗಿದಿತ್ತು. ಕ್ಯಾಂಪಸ್ಸಿನ ಡೈನಿಂಗ್ ಹಾಲ್‌ನಲ್ಲಿ ಪಾತ್ರೆ ತೊಳೆದು ಹತ್ತೂವರೆಗೆ ವಾಪಸ್ ಬಂದ ರೂಮ್‌ಮೇಟ್ ಕೇಳಿದ: "ಮಗಾ, ಒಂದ್ಸಲ ನಿನ್ನ ಕೋಡ್ ಕಳಿಸೋ. ಕಾಪಿ ಹೊಡೆಯಲ್ಲ, ಹೇಗೆ ಮಾಡಿದೀಯ ಅಂತ ನೋಡ್ತೀನಿ ಅಷ್ಟೇ." ಇವರು ವಾಟ್ಸಾಪ್‌ನಲ್ಲಿ ಫೈಲ್ ಕಳಿಸಿ ಮಲಗಿದರು.

ಮೂರು ವಾರದ ಮೇಲೆ ಇಬ್ಬರಿಗೂ ಒಂದೇ ಥರದ ಇಮೇಲ್ ಬಂತು. ವಿಚಾರಣೆಯಲ್ಲಿ ರೂಮ್‌ಮೇಟ್ ಸುಳ್ಳು ಹೇಳಲಿಲ್ಲ, ತಾನೇ ತಗೊಂಡಿದ್ದು ಅಂತ ಒಪ್ಪಿಕೊಂಡ. ಆದರೂ ಇಬ್ಬರಿಗೂ ಒಂದೇ ಶಿಕ್ಷೆ ಆಯಿತು: ಅಸೈನ್‌ಮೆಂಟ್‌ಗೆ ಸೊನ್ನೆ, ಆ ಕೋರ್ಸಿಗೆ 'ಸಿ' ಗ್ರೇಡ್, ವಿಶ್ವವಿದ್ಯಾಲಯದ ಕಡತದಲ್ಲಿ ಒಂದು ನಮೂದು. "ನಾನು ಕಾಪಿ ಹೊಡೆದಿಲ್ಲ, ಕೊಟ್ಟೆ ಅಷ್ಟೇ" ಅಂತ ಇವರು ಹೇಳಿದ್ದಕ್ಕೆ ಸಿಕ್ಕ ಉತ್ತರ, ಕೋರ್ಸಿನ ನಿಯಮದಲ್ಲಿ ಕೊಡೋದೂ ತಗೊಳ್ಳೋದೂ ಒಂದೇ ತಪ್ಪು. ಅದು ಮೊದಲ ದಿನ ಕೊಟ್ಟ ಸಿಲಬಸ್‌ನ ಎರಡನೇ ಪುಟದಲ್ಲೇ ಇತ್ತು. ಇವರು ಓದಿರಲಿಲ್ಲ.

ನಮಗೆ ಯಾಕೆ ಇದು ತಪ್ಪು ಅನ್ನಿಸಲ್ಲ?

ಪ್ರಾಮಾಣಿಕವಾಗಿ ಹೇಳೋಣ. ಲ್ಯಾಬ್ ರೆಕಾರ್ಡ್ ಒಬ್ಬ ಬರೀತಾನೆ, ಬ್ಯಾಚಿನವರೆಲ್ಲ ನೋಡಿಕೊಂಡು ಇಳಿಸ್ತಾರೆ. ಅಸೈನ್‌ಮೆಂಟ್ ಉತ್ತರ ಗ್ರೂಪಿಗೆ ಬೀಳುತ್ತೆ. ಮಿನಿ ಪ್ರಾಜೆಕ್ಟಿನ ಕೋಡ್ ಹಿಂದಿನ ವರ್ಷದವರಿಂದ ಬರುತ್ತೆ. ಕೊಡದೇ ಇದ್ದವನನ್ನೇ ನಾವು ಸ್ವಾರ್ಥಿ ಅಂತ ಆಡಿಕೊಳ್ತೀವಿ. ಇಲ್ಲಿ ಅದು ಸ್ನೇಹ. ನಮ್ಮಲ್ಲಿ ಸೆಮಿಸ್ಟರ್ ಕೊನೆಯ ಪರೀಕ್ಷೆಯೇ ದೊಡ್ಡದಾದ್ದರಿಂದ, ರೆಕಾರ್ಡ್ ಅನ್ನೋದು ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಾಗಿ ಉಳಿದಿದೆ.

ಅಲ್ಲಿ ಲೆಕ್ಕ ಬೇರೆ. ಎಷ್ಟೋ ಕೋರ್ಸುಗಳಲ್ಲಿ ಗ್ರೇಡಿನ ದೊಡ್ಡ ಪಾಲು ವಾರ ವಾರದ ಅಸೈನ್‌ಮೆಂಟ್ ಮತ್ತು ಪ್ರಾಜೆಕ್ಟುಗಳದೇ. ಅಂದರೆ ಅಲ್ಲಿನ ಅಸೈನ್‌ಮೆಂಟ್ ಅನ್ನೋದು ಮನೆಯಲ್ಲಿ ಕೂತು ಬರೆಯೋ ಪರೀಕ್ಷೆ. ಪರೀಕ್ಷಾ ಹಾಲಿನಲ್ಲಿ ಪಕ್ಕದವನಿಗೆ ಉತ್ತರ ಪತ್ರಿಕೆ ದಾಟಿಸಿದರೆ ಇಲ್ಲೂ ಇಬ್ಬರನ್ನೂ ಹೊರಗೆ ಕಳಿಸ್ತಾರೆ ಅಲ್ವಾ? ಅದೇ ನಿಯಮ ಅಲ್ಲಿ ರೂಮಿನವರೆಗೂ ಬಂದಿದೆ.

ಇದರ ಜೊತೆಗೆ ಸಮಯದ ಒತ್ತಡ. ಎಫ್-1 ವೀಸಾದಲ್ಲಿ ಇರುವವರು ಪೂರ್ಣಾವಧಿ ವಿದ್ಯಾರ್ಥಿಯಾಗಿರಲೇಬೇಕು. ಸ್ನಾತಕೋತ್ತರದವರಿಗೆ ಅದು ಸಾಮಾನ್ಯವಾಗಿ ಸೆಮಿಸ್ಟರ್‌ಗೆ 9 ಕ್ರೆಡಿಟ್, ಅಂದರೆ ಮೂರು ಕೋರ್ಸ್. ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆವರೆಗೆ ಕೆಲಸ ಮಾಡಬಹುದು. ಮೂರೇ ಕೋರ್ಸು ತಾನೇ ಅಂತ ನಾವು ನಗ್ತೀವಿ. ಒಂದೊಂದು ಕೋರ್ಸಿಗೂ ಓದಬೇಕಾದ ಪ್ರಬಂಧಗಳು, ಬರೆಯಬೇಕಾದ ಕೋಡು, ಮೇಲೆ 20 ಗಂಟೆ ಕೆಲಸ, ಅಡುಗೆ, ಬಟ್ಟೆ ಒಗೆಯೋದು, ಬಸ್ಸಿಗೆ ಕಾಯೋದು. "ಒಂದ್ಸಲ ಕಳಿಸೋ" ಅನ್ನೋ ಮಾತು ಸೋಮಾರಿತನದಿಂದಲೇ ಬರಬೇಕು ಅಂತಿಲ್ಲ. ಸುಸ್ತಿನಿಂದಲೂ ಬರುತ್ತೆ.

ಸಾಫ್ಟ್‌ವೇರ್ ಹೇಗೆ ಹಿಡಿಯುತ್ತೆ?

ವೇರಿಯಬಲ್ ಹೆಸರು ಬದಲಿಸಿ, ನಾಲ್ಕು ಕಾಮೆಂಟ್ ಸೇರಿಸಿದರೆ ಆಯ್ತು ಅನ್ನೋ ನಂಬಿಕೆ ನಮ್ಮಲ್ಲಿದೆ. ಇದು ಯಾಕೆ ನಡೆಯಲ್ಲ ಅಂತ ಎಂಜಿನಿಯರಿಂಗ್ ವಿದ್ಯಾರ್ಥಿಗಳಾಗಿ ತಿಳಿದುಕೊಳ್ಳೋದು ಒಳ್ಳೇದು.

ಕಂಪ್ಯೂಟರ್ ಸೈನ್ಸ್ ವಿಭಾಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಸಾಧನದ ಹೆಸರು 'ಮಾಸ್'. ನಮ್ಮ 'ಮಾಸ್ ಕಾಪಿ'ಗೂ ಇದಕ್ಕೂ ಸಂಬಂಧ ಇಲ್ಲ! ಎರಡು ಪ್ರೋಗ್ರಾಮುಗಳ ಹೋಲಿಕೆಯನ್ನು ಅಳೆಯೋದು ಇದರ ಕೆಲಸ. ಅಲೆಕ್ಸ್ ಐಕನ್ ಇದನ್ನು 1994ರಲ್ಲಿ ರೂಪಿಸಿದರು. ಇದರ ಹಿಂದಿರುವ 'ವಿನ್ನೋಯಿಂಗ್' ಅಲ್ಗಾರಿದಮ್ಮಿನ ಪ್ರಬಂಧ 2003ರಲ್ಲಿ ಪ್ರಕಟವಾಯಿತು. ವಿನ್ನೋಯಿಂಗ್ ಅಂದರೆ ತೂರುವುದು, ಕಣದಲ್ಲಿ ಹೊಟ್ಟು ಹಾರಿಸಿ ಕಾಳು ಉಳಿಸಿಕೊಳ್ಳುವ ಹಾಗೆ. ಹಂತಗಳು ಸ್ಥೂಲವಾಗಿ ಹೀಗಿವೆ:

1. ಮೊದಲು ಖಾಲಿ ಜಾಗ, ಕಾಮೆಂಟುಗಳನ್ನು ತೆಗೆಯುತ್ತೆ. ವೇರಿಯಬಲ್ ಹೆಸರುಗಳ ವ್ಯತ್ಯಾಸವನ್ನೂ ಅಳಿಸುತ್ತೆ. 'ಟೋಟಲ್' ಅಂತ ಇದ್ದದ್ದನ್ನು 'ಸಮ್' ಮಾಡಿದ ಶ್ರಮ ಇಲ್ಲೇ ಹೊಟ್ಟಾಗಿ ಹಾರಿಹೋಗುತ್ತೆ.

2. ಉಳಿದದ್ದನ್ನು ಒಂದೇ ಉದ್ದದ, ಒಂದರ ಮೇಲೊಂದು ಹಾಯುವ ತುಂಡುಗಳನ್ನಾಗಿ ಮಾಡುತ್ತೆ. 'ಮಲೆನಾಡು' ಅನ್ನೋದನ್ನು ಮೂರು ಅಕ್ಷರದ ತುಂಡು ಮಾಡಿದರೆ 'ಮಲೆನಾ', 'ಲೆನಾಡು' ಸಿಗುತ್ತವಲ್ಲ, ಹಾಗೆ.

3. ಪ್ರತಿ ತುಂಡಿಗೂ ಒಂದು ಹ್ಯಾಶ್ ಸಂಖ್ಯೆ ಲೆಕ್ಕ ಹಾಕುತ್ತೆ. ಎಲ್ಲವನ್ನೂ ಇಟ್ಟುಕೊಂಡರೆ ರಾಶಿಯಾಗುತ್ತೆ. ಅದಕ್ಕೆ ಅಕ್ಕಪಕ್ಕದ ಕೆಲವು ಹ್ಯಾಶ್‌ಗಳ ಒಂದೊಂದು ಗುಂಪಿನಿಂದ ಅತಿ ಚಿಕ್ಕದನ್ನು ಆರಿಸಿಕೊಳ್ಳುತ್ತೆ. ಇದೇ ಆ ಕೋಡಿನ ಬೆರಳಚ್ಚು.

4. ಕ್ಲಾಸಿನ ಎಲ್ಲರ ಬೆರಳಚ್ಚುಗಳನ್ನೂ ಹೋಲಿಸುತ್ತೆ. ಹಿಂದಿನ ವರ್ಷದ ಸಲ್ಲಿಕೆಗಳನ್ನು ಸೇರಿಸಿದ್ದರೆ ಅವುಗಳ ಜೊತೆಗೂ.

ಮಧ್ಯೆ ಎರಡು ಸಾಲು ತುರುಕಿದರೆ ಅದರ ಅಕ್ಕಪಕ್ಕದ ತುಂಡುಗಳು ಮಾತ್ರ ಬದಲಾಗುತ್ತವೆ, ಉಳಿದವು ಹಾಗೇ ಇರುತ್ತವೆ. ಫಂಕ್ಷನ್‌ಗಳ ಜಾಗ ಹಿಂದೆ ಮುಂದೆ ಮಾಡಿದರೂ ಅಷ್ಟೇ. ಆದರೆ ಒಂದು ಮಾತು ನೆನಪಿರಲಿ: ಸಾಫ್ಟ್‌ವೇರ್ ತೀರ್ಪು ಕೊಡಲ್ಲ, ಹೋಲುವ ಜಾಗಗಳನ್ನು ತೋರಿಸುತ್ತೆ ಅಷ್ಟೇ. ಇದು ಕಾಪಿಯೋ ಅಲ್ಲವೋ ಅಂತ ನಿರ್ಧರಿಸೋದು ಎರಡನ್ನೂ ಓದಿ ನೋಡಿದ ಮನುಷ್ಯರು.

ಪೆಟ್ಟು ಎಲ್ಲೆಲ್ಲಿಗೆ ಬೀಳುತ್ತೆ?

ನಮ್ಮ ಸೀನಿಯರ್‌ಗೆ ಉಳಿದ ಎರಡು ಕೋರ್ಸುಗಳಲ್ಲಿ ಬಿ ಪ್ಲಸ್ ಬಂದಿತ್ತು. 3.3, 3.3, ಈ ಕೋರ್ಸಿನ 2.0 ಸೇರಿಸಿ ಸರಾಸರಿ 2.87. ಸ್ನಾತಕೋತ್ತರ ಓದಿನಲ್ಲಿ ಎಷ್ಟೋ ಕಡೆ 3.0ಗಿಂತ ಕೆಳಗಿಳಿದರೆ ಎಚ್ಚರಿಕೆಯ ಪಟ್ಟಿಗೆ ಸೇರಿಸ್ತಾರೆ. ಇವರನ್ನೂ ಸೇರಿಸಿದರು. ಮುಂದಿನ ಸೆಮಿಸ್ಟರ್‌ನಲ್ಲೂ ಮೇಲೆ ಬರದಿದ್ದರೆ ಹೊರಗೆ.

ಹೊರಗೆ ಅಂದರೆ ಕಾಲೇಜಿನಿಂದ ಮಾತ್ರ ಅಲ್ಲ. ಎಫ್-1 ವೀಸಾ ನಿಂತಿರೋದೇ ಓದಿನ ಮೇಲೆ. ಡಿಗ್ರಿ ಮುಗಿಸಿದವರಿಗೆ ದೇಶ ಬಿಡೋಕೆ 60 ದಿನದ ಕಾಲಾವಕಾಶ ಇದೆ, ಕೆಲಸದ ಅನುಭವಕ್ಕೆ ಅಂತ 12 ತಿಂಗಳ ಒಪಿಟಿ ಇದೆ, ಎಂಜಿನಿಯರಿಂಗ್‌ನಂಥ ವಿಷಯಗಳಿಗೆ ಇನ್ನೂ 24 ತಿಂಗಳ ವಿಸ್ತರಣೆ ಇದೆ. ಓದು ಅರ್ಧಕ್ಕೆ ನಿಂತು ಹೊರಬಿದ್ದವರಿಗೆ ಇದ್ಯಾವುದೂ ಇಲ್ಲ.

ಸಾಲ ಮಾತ್ರ ಇರುತ್ತೆ. ಉದಾಹರಣೆಗೆ 40 ಲಕ್ಷ ಸಾಲ, ವರ್ಷಕ್ಕೆ 10.5% ಬಡ್ಡಿ, 10 ವರ್ಷ ಅಂತ ಲೆಕ್ಕ ಹಾಕಿ: ತಿಂಗಳ ಕಂತು ಸುಮಾರು 54,000 ರೂಪಾಯಿ. ಅಡಮಾನಕ್ಕೆ ಇಟ್ಟಿರೋದು ಅಪ್ಪ ಅಮ್ಮ ಇರುವ ಮನೆಯ ಪತ್ರ.

1947ರಲ್ಲಿ ಬೆಂಗಳೂರಿನಿಂದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದ ರಾಜೇಶ್ವರಿ ಚಟರ್ಜಿಯವರನ್ನು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಗುರುತಿಸ್ತಾರೆ. ಅವರು ಓದಿದ್ದು ಸರ್ಕಾರದ ಸ್ಕಾಲರ್‌ಶಿಪ್‌ನಲ್ಲಿ, ಆಮೇಲೆ ಅಲ್ಲಿನ ಬಾರ್ಬರ್ ಸ್ಕಾಲರ್‌ಶಿಪ್‌ನಲ್ಲಿ. 1953ರಲ್ಲಿ ವಾಪಸ್ ಬಂದು ಐಐಎಸ್‌ಸಿಯಲ್ಲಿ ಪಾಠ ಮಾಡಿದರು. ಇವತ್ತು ನಮ್ಮಲ್ಲಿ ಹೆಚ್ಚಿನವರು ಹೋಗೋದು ಮನೆಯವರ ಹೆಸರಿನ ಸಾಲದಲ್ಲಿ. ಅದಕ್ಕೇ ಒಂದು ರಾತ್ರಿಯ ಫೈಲ್ ಊರಿನ ಮನೆಯವರೆಗೂ ತಟ್ಟುತ್ತೆ.

ಇನ್ನೊಂದು ವಿಷಯ. ಇಲ್ಲಿ ಅಟೆಂಡೆನ್ಸ್ ಕಡಿಮೆಯಾದರೆ ಮನೆಗೆ ಮೆಸೇಜ್ ಹೋಗುತ್ತೆ. ಅಲ್ಲಿ 1974ರ ಫೆರ್ಪಾ ಕಾನೂನಿನ ಪ್ರಕಾರ ವಿದ್ಯಾರ್ಥಿಯ ದಾಖಲೆ ವಿದ್ಯಾರ್ಥಿಗೇ ಸೇರಿದ್ದು. ಸಾಮಾನ್ಯವಾಗಿ ಒಪ್ಪಿಗೆ ಇಲ್ಲದೆ ಹೆತ್ತವರಿಗೂ ಹೇಳಲ್ಲ. ಸ್ವಾತಂತ್ರ್ಯ ಅನ್ನಿಸುತ್ತೆ. ಆದರೆ ಈ ಸೀನಿಯರ್ ನಾಲ್ಕು ತಿಂಗಳು ಪ್ರತಿ ಭಾನುವಾರ ಅಪ್ಪನಿಗೆ "ಓದು ಚೆನ್ನಾಗಿ ನಡೀತಿದೆ ಅಪ್ಪ" ಅಂತ ಹೇಳ್ತಾ ಬಂದರು. "ಆ ಗ್ರೇಡಿಗಿಂತ ಆ ಭಾನುವಾರಗಳೇ ಕಷ್ಟ ಆಯ್ತು" ಅಂದರು ನಮಗೆ.

ಹಾಗಾದ್ರೆ ಸ್ನೇಹಿತನಿಗೆ ಸಹಾಯ ಮಾಡಲೇಬಾರದಾ?

ಮಾಡಬೇಕು. ಆದರೆ ಹೇಗೆ ಅನ್ನೋದನ್ನ ಕಲೀಬೇಕು. ಸೀನಿಯರ್‌ಗಳೆಲ್ಲ ಹೇಳಿದ್ದನ್ನು ಒಟ್ಟು ಮಾಡಿದರೆ ಇಷ್ಟು:

ಸಿಲಬಸ್ ಅಂದರೆ ಅಲ್ಲಿ ಪಾಠಗಳ ಪಟ್ಟಿ ಮಾತ್ರ ಅಲ್ಲ, ಕರಾರು ಪತ್ರ ಇದ್ದ ಹಾಗೆ. ತಡವಾದರೆ ಎಷ್ಟು ಅಂಕ ಕಡಿತ, ಯಾರ ಜೊತೆ ಎಷ್ಟು ಚರ್ಚಿಸಬಹುದು, ಎಐ ಬಳಸಬಹುದಾ, ಎಲ್ಲ ಅದರಲ್ಲಿರುತ್ತೆ. ಕೋರ್ಸಿನಿಂದ ಕೋರ್ಸಿಗೆ ನಿಯಮ ಬೇರೆ. ಒಂದು ಕಡೆ ಚರ್ಚಿಸಿ, ಸ್ವಂತವಾಗಿ ಬರೆದು, ಚರ್ಚಿಸಿದವರ ಹೆಸರು ಹಾಕಿದರೆ ಸಾಕು; ಇನ್ನೊಂದು ಕಡೆ ಚರ್ಚೆಯೇ ನಿಷಿದ್ಧ. ಗೊತ್ತಾಗದಿದ್ದರೆ ಮೊದಲೇ ಇಮೇಲ್ ಮಾಡಿ ಕೇಳಿ.

ಚರ್ಚೆಗೆ ಅವಕಾಶ ಇದ್ದರೆ ಬೋರ್ಡಿನ ಮೇಲೆ ವಿವರಿಸಿ, ಅಳಿಸಿ, ಆಮೇಲೆ ಅವರವರ ಕೋಡ್ ಅವರವರು ಬರೆಯಿರಿ. ಫೈಲ್ ಕೈ ಬದಲಾಯಿಸಬಾರದು.

ಎಲ್ಲಕ್ಕಿಂತ ಮುಖ್ಯ ಆಫೀಸ್ ಅವರ್ಸ್. ಪ್ರತಿ ಪ್ರೊಫೆಸರ್, ಪ್ರತಿ ಟಿಎ ವಾರದಲ್ಲಿ ಇಂತಿಷ್ಟು ಹೊತ್ತು ವಿದ್ಯಾರ್ಥಿಗಳಿಗೆ ಅಂತಲೇ ಕೂತಿರ್ತಾರೆ. ನಮಗೆ ಸ್ಟಾಫ್ ರೂಮ್ ಬಾಗಿಲು ತಟ್ಟೋಕೇ ಭಯ, "ಇಷ್ಟೂ ಗೊತ್ತಿಲ್ವಾ" ಅಂತಾರೇನೋ ಅಂತ. ಅಲ್ಲಿ ಹೋಗಿ "ಇಷ್ಟು ಮಾಡಿದ್ದೀನಿ, ಇಲ್ಲಿ ನಿಂತುಹೋಗಿದೆ" ಅಂದರೆ ಸಾಕು. ಅಂದು ರಾತ್ರಿ ಹತ್ತೂವರೆಗೆ ರೂಮ್‌ಮೇಟ್ ಕೇಳಿದ ಪ್ರಶ್ನೆಯನ್ನು ಮೂರು ದಿನ ಮುಂಚೆ ಟಿಎ ಹತ್ರ ಕೇಳಿದ್ದರೆ ಇಬ್ಬರ ಕಥೆಯೂ ಬೇರೆ ಆಗ್ತಿತ್ತು. ಗಡುವು ಮುಟ್ಟೋಕೆ ಆಗಲ್ಲ ಅನ್ನಿಸಿದರೆ ಮುಂಚೆಯೇ ಹೇಳಿ ಒಂದೆರಡು ದಿನ ಕೇಳಬಹುದು. ಕೊಡದಿದ್ದರೂ ನಷ್ಟ ಒಂದು ಅಸೈನ್‌ಮೆಂಟಿನ ಅಂಕ ಮಾತ್ರ.

ನಮ್ಮ ಸೀನಿಯರ್ ಮಾಡಿದ್ದೂ ಅದನ್ನೇ. ಎರಡನೇ ಸೆಮಿಸ್ಟರ್‌ನಲ್ಲಿ ವಾರ ತಪ್ಪದೆ ಆಫೀಸ್ ಅವರ್ಸ್‌ಗೆ ಹೋದರು. ಎರಡು ಬಿ ಪ್ಲಸ್, ಒಂದು ಬಿ ತೆಗೆದರು. ಒಟ್ಟು ಸರಾಸರಿ 3.03 ಆಯಿತು. ಅವತ್ತು ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದರಂತೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗ ಹೇಗಿದಾನೆ?" ಅಂತ ರೂಮ್‌ಮೇಟ್ ಬಗ್ಗೆ ಕೇಳಿದರಂತೆ. ಅವನೂ ಪಾರಾಗಿದ್ದಾನೆ. ಇಬ್ಬರೂ ಈಗಲೂ ಒಂದೇ ರೂಮು.

ಇಲ್ಲಿಂದಲೇ ಶುರು ಮಾಡೋಣ

ವಿಮಾನ ಹತ್ತಿದ ಮೇಲೆ ಅಭ್ಯಾಸ ಬದಲಾಗಲ್ಲ. ಈ ಸೆಮಿಸ್ಟರ್ ನಾವು ಮೂರು ಕೆಲಸ ಮಾಡಿ ನೋಡೋಣ. ಒಂದು, ಯಾವುದಾದರೂ ಒಂದು ಲ್ಯಾಬಿನ ಪ್ರೋಗ್ರಾಮುಗಳನ್ನಾದರೂ ಯಾರದ್ದೂ ನೋಡದೆ ನಾವೇ ಬರೆಯೋಣ. ಎರಡು, ತಿಂಗಳಿಗೊಮ್ಮೆಯಾದರೂ ಒಬ್ಬ ಮೇಷ್ಟ್ರ ಹತ್ರ ಹೋಗಿ ಒಂದು ನಿಜವಾದ ಪ್ರಶ್ನೆ ಕೇಳೋಣ. ಮೂರು, ಸ್ನೇಹಿತರು ರೆಕಾರ್ಡ್ ಕೇಳಿದಾಗ "ಬಾ, ಕೂತ್ಕೋ, ಹೇಳಿಕೊಡ್ತೀನಿ" ಅನ್ನೋಣ. ಹೇಳಿಕೊಡೋಕೆ ಅರ್ಧ ಗಂಟೆ ಬೇಕು, ಕೊಟ್ಟುಬಿಡೋಕೆ ಅರ್ಧ ನಿಮಿಷ ಸಾಕು. ಆ ಅರ್ಧ ಗಂಟೆಯನ್ನು ಕೊಡುವ ರೂಢಿ ಇಲ್ಲೇ ಆಗಲಿ. ಹೊರಗೆ ಹೋಗುವವರಿಗೂ ಇಲ್ಲೇ ಉಳಿಯುವವರಿಗೂ ಅದು ಬೇಕಾದದ್ದೇ.